ಮಾತಿನ ನೆಂಟಸ್ತಿಕೆ

ಇಂಗ್ಲಿಷಿನಲ್ಲಿ 'ಜರ್ಮೇನ್' ಎಂಬುದೊಂದು ಪದವುಂಟು. ದಿನಬಳಕೆಯ ಮಾತಲ್ಲ, ವಕೀಲರ ವಾದದಲ್ಲಿ, ಶಾಸನಸಭೆಯ ಚರ್ಚೆಯಲ್ಲಿ, ಪತ್ರಿಕೆಯ ಅಗ್ರಲೇಖನದಲ್ಲಿ ಆಗಾಗ ತಲೆದೋರುವಂಥದು. ಕಿವಿಗೆ ಜರ್ಮನಿ ದೇಶವನ್ನು ನೆನಪಿಗೆ ತಂದರೂ ಅರ್ಥ ಬೇರೆ: ಎತ್ತಿಕೊಂಡ ವಿಷಯಕ್ಕೆ ತಕ್ಕದ್ದು, ಹೊಂದುವಂಥದು. ಲ್ಯಾಟಿನಿನ ಮೂಲದಲ್ಲಿ ಅದು ಒಂದೇ ತಾಯಿತಂದೆಯ ಮಕ್ಕಳಿಗೆ ಸಲ್ಲುತ್ತಿದ್ದ ಪದ. ಒಡಹುಟ್ಟಿದವರ ಮಕ್ಕಳನ್ನು 'ಕಸಿನ್ ಜರ್ಮನ್' ಎನ್ನುವ ಹಳೆಯ ರೂಢಿಯಲ್ಲಿ ಆ ಅರ್ಥ ಉಳಿದುಕೊಂಡಿದೆ. ರಕ್ತದ ನಂಟು ಕ್ರಮೇಣ ಮಾತಿನ ನಂಟಾಯಿತು. ಷೇಕ್ಸ್‌ಪಿಯರನು 'ಹ್ಯಾಮ್ಲೆಟ್' ಬರೆಯುವ ವೇಳೆಗಾಗಲೇ ಈ ಎರಡನೆಯ ಅರ್ಥ ಬಳಕೆಗೆ ಬಂದಿತ್ತು.

ಕನ್ನಡಿಗನಿಗೆ ಇದರಲ್ಲಿ ಸೋಜಿಗವೇನೂ ಇಲ್ಲ. ಹೆಣ್ಣು ನೋಡಲು ಹೊರಟವರು ಹುಡುಕುವುದೂ 'ಸಂಬಂಧ'ವೇ, ದಾರಿ ತಪ್ಪಿದ ಮಾತನ್ನು ತಡೆಯುವವರು ಕೇಳುವುದೂ "ಅದಕ್ಕೂ ಇದಕ್ಕೂ ಏನು ಸಂಬಂಧ?" ಎಂದೇ. ಬೋಳುತಲೆಗೂ ಮೊಳಕಾಲಿಗೂ ಗಂಟು ಹಾಕಿದಂತೆ ಎಂಬ ಹಾಸ್ಯೋಕ್ತಿ ತೆಲುಗರಲ್ಲಿ ಬಹು ಪ್ರಸಿದ್ಧ, ಕನ್ನಡದಲ್ಲಿಯೂ ಉಂಟು. ತೆಲುಗು ಸೀಮೆಯ ಅಂಚಿನಲ್ಲಿದ್ದು, ಊರ ಹೆಸರಿನಲ್ಲಿಯೇ ಮೊಳಕಾಲನ್ನು ಇಟ್ಟುಕೊಂಡಿರುವ ಮೊಳಕಾಲ್ಮೂರಿನವರು ಅದನ್ನು ಕೇಳಿ ನಗುವರೋ ಮುನಿಯುವರೋ!

ಜರ್ಮೇನಿಗಿಂತ ಹೆಚ್ಚು ಬಳಕೆಯಲ್ಲಿರುವುದು 'ರೆಲವೆಂಟ್'. ಅದರ ಲ್ಯಾಟಿನ್ ಧಾತುವಿಗೆ ಮೇಲಕ್ಕೆತ್ತು, ಭಾರ ಇಳಿಸು ಎಂದರ್ಥ. ಸ್ಕಾಟ್ಲೆಂಡಿನ ನ್ಯಾಯಾಲಯಗಳಲ್ಲಿ ಅದು ವ್ಯಾಜ್ಯಕ್ಕೆ ಸಲ್ಲುವಂಥದು ಎಂಬ ಅರ್ಥ ಪಡೆಯಿತು. ಬರಗಾಲದಲ್ಲಿ ಸರ್ಕಾರ ಕೊಡುವ 'ರಿಲೀಫ್' ಕೂಡ ಇದೇ ಧಾತುವಿನ ಕೂಸು. ಒಂದು ಬಳ್ಳಿಯ ಎರಡು ಕಾಯಿಗಳಾದರೂ, ಕೋರ್ಟಿನಲ್ಲಿ ಮೊದಲನೆಯದನ್ನು ದಾಟದೆ ಎರಡನೆಯದು ಕೈಗೆ ಸಿಕ್ಕದು. ವ್ಯಾಜ್ಯದ ವಿಷಯ ಮತ್ತು ಅದಕ್ಕೆ ಸುಸಂಗತವಾದ ಸಂಗತಿಗಳಿಗಲ್ಲದೆ ಬೇರಾವುದಕ್ಕೂ ಸಾಕ್ಷ್ಯ ಸಲ್ಲದೆಂದು 1872ರ ಎವಿಡೆನ್ಸ್ ಆಕ್ಟು ಬೇಲಿ ಹಾಕಿತು. ಅದನ್ನು ರಚಿಸಿದವನು ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಬೇಲಿ ಮಾತ್ರ ಇದ್ದಲ್ಲಿಯೇ ಇದೆ.

ಚಳ್ಳಕೆರೆಯ ಕಡೆಯ ಹಣ್ಣುಮುದುಕಿಯೊಬ್ಬಳು ಹೊಲದ ಬದುವಿನ ವ್ಯಾಜ್ಯದಲ್ಲಿ ಸಾಕ್ಷಿಕಟ್ಟೆ ಹತ್ತಿದಳೆನ್ನಿ. ಬೇವಿನ ಗಿಡ ನೆಟ್ಟದ್ದು ಯಾವಾಗ ಎಂದು ವಕೀಲರು ಕೇಳುತ್ತಾರೆ.

"ನಮ್ಮತ್ತೆ ಇನ್ನೂ ಇದ್ಲು ಸ್ವಾಮಿ. ಆ ವರ್ಸ ಮಳೆ ಬರ್ಲೇ ಇಲ್ಲ. ಸೇಂಗಾ ಎಲ್ಲ ಒಣಗಿ ಹೋತು. ದನ ಹೊಡ್ಕಂಡು ನಮ್ಮ ತವರಿಗೆ ಹೋಗಿದ್ವಿ. ತಿರುಗಿ ಬಂದ ಮೇಲೆ ನಮ್ಮ ಮಾವ..."

"ಕೇಳಿದಷ್ಟಕ್ಕೆ ಉತ್ತರ ಹೇಳಮ್ಮ. ಅತ್ತೆ ಕಥೆ ಯಾರು ಕೇಳಿದರು?"

ಮುದುಕಿ ಬಾಯಿ ಮುಚ್ಚುತ್ತಾಳೆ. ಕಡಲೆಕಾಯಿಯ ಎಣ್ಣೆ ಗಿರಣಿಗಳಿಂದ ಹೆಸರಾದ ಆ ತಾಲ್ಲೂಕು ಮಳೆಗೆ ಮಾತ್ರ ಬಡ ಸೀಮೆ. ಅಲ್ಲಿ ಬರವೇ ಪಂಚಾಂಗ. ಇಸವಿ ಬಾರದವಳು ಅತ್ತೆಯ ಆಯುಷ್ಯದಿಂದ, ಒಣಗಿದ ಪೈರಿನಿಂದ, ತವರಿನ ಪಯಣದಿಂದ ಕಾಲವನ್ನು ಅಳೆದು ಕೊಡುತ್ತಿದ್ದಳು. ಕಾಲವನ್ನಾಗಲಿ ಸ್ಥಳವನ್ನಾಗಲಿ ಗೊತ್ತುಪಡಿಸುವ ಸಂಗತಿಯೂ ಸುಸಂಗತವೇ ಎಂದು ಸ್ಟೀಫನ್ನನ ಕಾಯಿದೆಯೇ ಹೇಳಿತ್ತು, ಹೊಸದೂ ಹೇಳುತ್ತದೆ. ವಕೀಲರ ಆತುರಕ್ಕೆ ಕಾಯಿದೆ ಹೊಣೆಯಲ್ಲ. ಆದರೆ ಕಳೆದುಹೋಗುವುದು ವಕೀಲರ ಬದುವಲ್ಲವಷ್ಟೆ.

ನಮ್ಮ ಆಲಂಕಾರಿಕರು ಈ ವಿಷಯದಲ್ಲಿ ಉದಾರಿಗಳು. ಹೇಳಬೇಕಾದುದನ್ನು ಬಿಟ್ಟು ಬೇರೊಂದನ್ನು ಬಣ್ಣಿಸಿ, ಅದರ ಮೂಲಕವೇ ಹೇಳಬೇಕಾದುದನ್ನು ಹೊಳೆಯಿಸುವುದನ್ನು 'ಅಪ್ರಸ್ತುತ ಪ್ರಶಂಸೆ' ಎಂದು ಕರೆದು, ದೋಷಗಳ ಪಟ್ಟಿಗೆ ಸೇರಿಸದೆ ಅಲಂಕಾರಗಳ ಸಾಲಿನಲ್ಲಿ ಕುಳ್ಳಿರಿಸಿದರು. ಈಗಿನ ಬರಹಗಳಲ್ಲಿಯಂತೂ 'ಪ್ರಸ್ತುತ' ಎಂದರೆ 'ಸದ್ಯದ' ಎಂದಾಗಿಬಿಟ್ಟಿದೆ: ಪ್ರಸ್ತುತ ವರ್ಷ, ಪ್ರಸ್ತುತ ಸರ್ಕಾರ. ಹಳೆಯದಾದದ್ದೆಲ್ಲ ಅಪ್ರಸ್ತುತವೆಂಬ ಭಾವನೆ ಪದದ ಹಿತ್ತಿಲ ಬಾಗಿಲಿನಿಂದ ನುಸುಳಿಕೊಂಡಂತಿದೆ.

ಇದಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳು ಒಪ್ಪುವುದಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಕಂಡುಕೊಂಡರು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ತಾಯಿತಂದೆಯರ ಮಾತು ಕೇಳು, ಜೀವಿಗಳಲ್ಲಿ ದಯೆಯಿಡು, ಸತ್ಯ ನುಡಿ, ಗುರುವನ್ನು ಗೌರವಿಸು ಎಂಬ ಉಪದೇಶವಷ್ಟೇ ಅಲ್ಲಿ ಕೆತ್ತಬೇಕಾಗಿದ್ದುದು. ಆದರೆ ಕೆತ್ತಿದವರು ಓಲೆಯ ಒಕ್ಕಣೆಯನ್ನೂ ಬಿಡಲಿಲ್ಲ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ಹಾರೈಸುತ್ತಾರೆ, ಆಮೇಲೆ ರಾಜಾಜ್ಞೆ. ಕಾಗದದ ಮೇಲ್ವಿಳಾಸವನ್ನೂ ಕುಶಲಪ್ರಶ್ನೆಯನ್ನೂ ಬಂಡೆಯ ಮೇಲೆ ಕೊರೆದಂತಾಯಿತು! ಇಂದಿನ ಯಾವ ಸಂಪಾದಕನ ಕೆಂಪು ಶಾಯಿಯೂ ಅದನ್ನು ಉಳಿಸುತ್ತಿರಲಿಲ್ಲ.

ಆ ಅನವಶ್ಯಕ ಸಾಲಿನಿಂದಲೇ ಚರಿತ್ರಕಾರರಿಗೆ ಮೌರ್ಯರ ದಕ್ಷಿಣದ ಆಡಳಿತದ ಮೆಟ್ಟಿಲುಗಳು ತಿಳಿದವು: ಚಕ್ರವರ್ತಿ, ಸುವರ್ಣಗಿರಿಯಲ್ಲಿ ರಾಜಕುಮಾರ, ಅವನ ಕೆಳಗೆ ಇಸಿಲದ ಅಧಿಕಾರಿಗಳು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ತಪ್ಪಲಿನಲ್ಲಿ ಉತ್ಖನನ ನಡೆಸಿದಾಗ ಹೊರಬಿದ್ದ ಪ್ರಾಚೀನ ಪಟ್ಟಣಕ್ಕೆ ವಿದ್ವಾಂಸರು ಇಸಿಲವೆಂಬ ಹೆಸರು ಕೊಡಲು ಸಾಧ್ಯವಾದದ್ದೂ ಅದರಿಂದಲೇ.

ಕಡೆಯಲ್ಲಿ ಇನ್ನೊಂದು ಅಪ್ರಸ್ತುತವುಂಟು. ಬರೆದವನು ಚಪಡನೆಂಬ ಲಿಪಿಕಾರ. ರಾಜಾಜ್ಞೆಗೆ ಅವನ ಹೆಸರೇನೂ ಬೇಕಿರಲಿಲ್ಲ. ಹೆಸರು ಹಾಕಿದ್ದು ಸಾಲದೆಂದು 'ಲಿಪಿಕಾರನಿಂದ' ಎಂಬ ಪದವನ್ನು ಅವನು ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ ಬರೆದ. ಅದು ಗಾಂಧಾರದ ಕಡೆ, ದೂರದ ವಾಯವ್ಯದಲ್ಲಿ ಚಲಾವಣೆಯಲ್ಲಿದ್ದ ಲಿಪಿ. ಅತ್ತಣ ಸೀಮೆಯಲ್ಲಿ ಅಕ್ಷರ ಕಲಿತವನೋ ಏನೋ. ಇಸಿಲದಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಿರಬಹುದು? ಬಂಡೆಯ ಬರಹವೆಲ್ಲ ಎಡದಿಂದ ಬಲಕ್ಕೆ ಸಾಗಿದರೆ, ಅವನ ಆ ಒಂದು ಪದ ಮಾತ್ರ ಬಲದಿಂದ ಎಡಕ್ಕೆ ಸಾಗುತ್ತದೆ.