ಕಾಯುವವನಿದ್ದಾನೆಂಬ ನಂಬಿಕೆ

ಕಷ್ಟಕಾಲದಲ್ಲಿ ದೇವರು ಕೈಬಿಡುವುದಿಲ್ಲ, ದಾರಿ ತೋರಿಸುತ್ತಾನೆ ಎಂಬ ನಂಬಿಕೆ ದೇವಣಿ, ಉದಗೀರ, ನಿಲಂಗಾ, ಉಮರ್ಗಾ ಸೀಮೆಯಲ್ಲಿ ದನ-ಕುರಿಗಳ ಒಡನಾಟದಲ್ಲಿ ಬೆಳೆದದ್ದು. ದೇವಣಿಯ ಹೆಸರನ್ನೇ ಹೊತ್ತ ದನದ ತಳಿಯೊಂದಿದೆ. ಇಲ್ಲಿಯವರಿಗೆ ಕಾಯುವುದೆಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಶೈವರು ಜೀವವನ್ನು ಪಶುವೆಂದು, ಶಿವನನ್ನು ಪಶುಪತಿಯೆಂದು ಕಂಡರು. ಕುರುಬರು, ಧನಗರರು ಮೈಲಾರನಿಗೆ, ಖಂಡೋಬನಿಗೆ ಭಂಡಾರ ಹಾರಿಸುತ್ತ ಬಂದರು. ನೆರೆಯ ಬೀದರ ಜಿಲ್ಲೆಯ ಮೆಥೊಡಿಸ್ಟ್ ಸಭೆಗಳಿಗೆ ದೇವರನ್ನು ಕುರುಬನೆಂದು ಹಾಡುವ 23ನೆಯ ಕೀರ್ತನೆ ಮನೆಮಾತು.

ರಾಶಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸಿದ ರಾತ್ರಿ, ಕುರುಬ ಕಂಬಳಿ ಹೊದ್ದು ಹಿಂಡಿನ ಅಂಚಿನಲ್ಲೇ ಮಲಗುತ್ತಾನೆ. ನಾಯಿ ಬೊಗಳಿದರೆ ಎದ್ದು ಕೂರುತ್ತಾನೆ. ಆಗಷ್ಟೇ ಹುಟ್ಟಿದ ಮರಿ ನಡೆಯಲಾರದಿದ್ದರೆ ಬೆಳಿಗ್ಗೆ ಅದನ್ನು ಎತ್ತಿಕೊಂಡೇ ಮುಂದಿನ ಊರಿಗೆ ಹೊರಡುತ್ತಾನೆ. ತೋಳವೇ ಬಾರದಂತೆ ಮಾಡುವುದು ಅವನ ಕೈಯಲ್ಲಿಲ್ಲ, ಆದರೆ ತೋಳ ಬಂದಾಗ ಅವನು ಅಲ್ಲಿರುತ್ತಾನೆ. ಭಕ್ತಿ ದೇವರಿಂದ ಬಯಸುವುದೂ ಈ ಜೊತೆಗಿರುವಿಕೆಯನ್ನೇ.

ಆ ಜೊತೆ ಮನುಷ್ಯರ ರೂಪದಲ್ಲಿ ಬರುತ್ತದೆ. ಲಿಂಗಾಯತರ ಮನೆಯಲ್ಲಿ ಸಾವಾದರೆ ಜಂಗಮರನ್ನು ಕರೆಯುತ್ತಾರೆ. ಅವರು ವಿಭೂತಿ ಹಚ್ಚಿ, ಕ್ರಿಯೆ ನಡೆಸಿ, ಅಳುವವರ ನಡುವೆ ಕೂರುತ್ತಾರೆ. ಬೀಡ ಜಿಲ್ಲೆಯ ಕಪಿಲಧಾರದಲ್ಲಿ ಮನ್ಮಥಸ್ವಾಮಿಗಳ ಸಮಾಧಿಗೆ ಕಾರ್ತಿಕದಲ್ಲಿ ದಿಂಡಿ ಹೊರಡುವವರಲ್ಲಿ ದುಃಖದ ಭಾರ ಹೊತ್ತು ನಡೆಯುವವರು ಎಷ್ಟೋ ಮಂದಿ. ಸಾಲಿನಲ್ಲಿ ಹತ್ತು ಜನರ ಜೊತೆ ಹೆಜ್ಜೆ ಹಾಕುವುದೇ ದೊಡ್ಡ ಸಾಂತ್ವನ.

ಈ ಸೀಮೆಯ ನಂಬಿಕೆ ಅತಿ ಕಠಿಣವಾದ ಪರೀಕ್ಷೆಗೆ ನಿಂತದ್ದು 1993ರ ಸೆಪ್ಟೆಂಬರ್ 30ರಂದು. ಹಿಂದಿನ ರಾತ್ರಿ ಗಣಪತಿಯನ್ನು ಕಳಿಸಿ ಜನ ತಡವಾಗಿ ಮಲಗಿದ್ದರು. ಬೆಳಗಿನ ಜಾವ 4 ಗಂಟೆಗೆ ತುಸು ಮೊದಲು ಭೂಕಂಪವಾಗಿ ಔಸಾ ತಾಲೂಕಿನ ಕಿಲ್ಲಾರಿ, ಉಮರ್ಗಾ ಭಾಗದ ಸಾಸ್ತೂರು ಮತ್ತು ಸುತ್ತಲಿನ ಊರುಗಳು ನೆಲಕ್ಕೊರಗಿದವು. ಬೇಸಿಗೆಯಲ್ಲಿ ತಂಪು ಕೊಡುತ್ತಿದ್ದ ಕಲ್ಲು-ಮಣ್ಣಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆಗಳೇ ಮಲಗಿದವರ ಮೇಲೆ ಬಿದ್ದವು. ಸಾವಿರಾರು ಜನ ಸತ್ತರು. ಮಳೆ ಸುರಿಯುತ್ತಿತ್ತು. ಒಬ್ಬೊಬ್ಬರಿಗೂ ಅವರವರ ಪದ್ಧತಿಯಂತೆ ಸಂಸ್ಕಾರ ನಡೆಸಲು ವ್ಯವಧಾನವಿಲ್ಲದೆ ಸಾಮೂಹಿಕ ಚಿತೆಗಳು ಉರಿದವು. ದೇವರೆಲ್ಲಿದ್ದ ಎಂಬ ಪ್ರಶ್ನೆಗೆ ಅಂದು ಯಾರ ಬಳಿಯೂ ಉತ್ತರವಿರಲಿಲ್ಲ. ಹಾಗೆ ಕೇಳಿದ್ದು ಅಪರಾಧವೂ ಅಲ್ಲ. ಆದರೆ ಹಿಟ್ಟು, ಕಂಬಳಿ, ಔಷಧಿ ಹೊತ್ತು ದೂರದೂರಿಂದ ಜನ ಬಂದರು. ಭಾರತೀಯ ಜೈನ ಸಂಘಟನೆ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪುಣೆಗೆ ಕರೆದೊಯ್ದು ಓದಿಸಿತು. ಕುಸಿದ ಊರುಗಳನ್ನು ಬೇರೆ ಜಾಗದಲ್ಲಿ ಕಟ್ಟಲಾಯಿತು, ಅಲ್ಲೂ ಗುಡಿಗಳು ಎದ್ದವು.

ಉದಗೀರದಿಂದ ಬೀದರದ ದಾರಿಯಲ್ಲಿ ಸಿಗುವ ಭಾಲ್ಕಿಯ ಹಿರೇಮಠ ಇದೇ ಬಗೆಯ ಆರೈಕೆಯನ್ನು ಇನ್ನೊಂದು ಕತ್ತಲಿನಲ್ಲಿ ಮಾಡಿತು. ನಿಜಾಮರ ಕಾಲದಲ್ಲಿ ಕನ್ನಡ ಶಾಲೆಗೆ ಎಡೆಯಿಲ್ಲದಾಗ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಅವರು 1999ರಲ್ಲಿ ಲಿಂಗೈಕ್ಯರಾದರು. ಅವರ ನಂತರದ ಬಸವಲಿಂಗ ಪಟ್ಟದ್ದೇವರು ಹೆತ್ತವರು ಬಿಟ್ಟುಹೋದ ಕೂಸುಗಳನ್ನು ಮಠದಲ್ಲಿ ಸಾಕಿ ಬೆಳೆಸುತ್ತಿದ್ದಾರೆ.

ಈಗಿನ ಕತ್ತಲು ಬರ ಮತ್ತು ಸಾಲದ್ದು. 2016ರಲ್ಲಿ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ಬರಬೇಕಾಯಿತು. ಜೀವ ಕಳೆದುಕೊಂಡ ರೈತನ ಮನೆಗೆ ಹೋಗಿ, ಎಲ್ಲವೂ ಕರ್ಮಫಲ, ದೇವರ ಇಚ್ಛೆ ಎನ್ನುವುದು ಸಾಂತ್ವನವಲ್ಲ, ಗಾಯಕ್ಕೆ ಉಪ್ಪು. ಸ್ವಾಮಿಗಳು, ಮಹಾರಾಜರು, ಸಭಾಪಾಲಕರು ಮೂರನೆಯ ದಿನಕ್ಕೇ ಬರುವುದನ್ನು ನಿಲ್ಲಿಸಬಾರದು. ತಿಂಗಳ ಮೇಲೂ ಆ ಮನೆಯ ಬಾಗಿಲು ತಟ್ಟಲಿ, ಮಕ್ಕಳ ಶಾಲೆಯ ವಿಚಾರ ಕೇಳಲಿ, ನಿದ್ದೆಗೆಟ್ಟ ತಾಯಿಯನ್ನು ಡಾಕ್ಟರ ಬಳಿ ಕರೆದೊಯ್ಯಲಿ.