ಬ್ರಿಜಿಡ್ ತಾಯಿಯ ಬಾವಿ

ಡಬ್ಲಿನ್ನಿನ ಮಗಳ ಮನೆಗೆ ಏನೇನು ಒಯ್ಯಬೇಕೆಂಬ ಪಟ್ಟಿ ಪುಣೆಯ ನಮ್ಮ ಅಡುಗೆಮನೆಯಲ್ಲಿ ಎರಡು ಸಲ ತಯಾರಾಯಿತು. ಮೊದಲನೆಯದರಲ್ಲಿ ಅಳವಿ, ಅಂಟಿನುಂಡಿಯ ಸಾಮಾನು, ಬಜೆ, ಮತ್ತೆ ನನ್ನ ಹಳೆಯ ಸೀರೆ ಹರಿದು ಅಂಚು ಹೊಲಿದ ಹನ್ನೆರಡು ಮೆತ್ತನೆಯ ಬಟ್ಟೆ. ಐದನೇ ತಿಂಗಳಿಗೇ ಎಲ್ಲ ಮುಗಿಯಿತೆಂದು ಅಳಿಯಂದಿರ ಫೋನ್ ಬಂತು. ಎರಡನೆಯ ಪಟ್ಟಿಯಲ್ಲಿ ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ, ಅಷ್ಟೇ. ಬಟ್ಟೆ ಎಸೆಯಲು ಮನಸ್ಸಾಗಲಿಲ್ಲ. ಉಪ್ಪಿನಕಾಯಿ ಬಾಟಲಿಗಳಿಗೆ ಸುತ್ತಿ ಒಯ್ದೆ. ಅವಳಿಗೆ ಹೇಗೆ ಗೊತ್ತಾದೀತು ಎಂದುಕೊಂಡೆ.

ನಮ್ಮ ಅತ್ತೆ ಇದ್ದಿದ್ದರೆ ಬೈಯುತ್ತಿದ್ದರು. ಕೂಸು ಬರುವ ಮೊದಲೇ ಅದರ ಬಟ್ಟೆ ಹೊಲಿಯಬಾರದು ಎಂಬುದು ಅವರ ಕಟ್ಟಳೆ. ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಹೇಳಿಕೊಂಡು ತಿರುಗುವವಳು. ಆದರೂ ಆ ಫೋನ್ ಇಟ್ಟ ಕೂಡಲೇ ನೆನಪಾದದ್ದು ಹೊಲಿಗೆ ಯಂತ್ರ. ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

ಡಬ್ಲಿನ್‌ನಲ್ಲಿ ಎರಡು ವಾರ ನಾವು ತಾಯಿ ಮಗಳು ಎಲ್ಲದರ ಬಗ್ಗೆ ಮಾತಾಡಿದೆವು, ಅದೊಂದನ್ನು ಬಿಟ್ಟು. ಒಂದು ಶನಿವಾರ ಅವಳು ಕಾರು ತೆಗೆದಳು. ಕಿಲ್ಡೇರ್ ಎಂಬ ಊರಿನಲ್ಲಿ ಕುದುರೆ ಸಾಕುವ ದೊಡ್ಡ ಕೇಂದ್ರವಿದೆ, ಪಕ್ಕದಲ್ಲೇ ಜಪಾನಿ ಶೈಲಿಯ ತೋಟ. ಎರಡೂ ನೋಡಿ ಹೊರಬಂದಾಗ, "ಅಮ್ಮಾ, ಇಲ್ಲೇ ಹತ್ರ ಒಂದು ಬಾವಿ ಅದ, ನೋಡ್ತೀಯೇನು?" ಎಂದಳು.

ಬಾವಿ ಎಂದರೆ ನನ್ನ ಕಣ್ಣಿಗೆ ಬಂದದ್ದು ಗಡಗಡೆ, ಹಗ್ಗ, ಕೊಡ. ಇಲ್ಲಿ ಅಂಥದ್ದೇನೂ ಇಲ್ಲ. ಹುಲ್ಲುಹಾಸಿನ ನಡುವೆ ಕಲ್ಲು ಕಟ್ಟಿದ ಪುಟ್ಟ ಒರತೆ, ಸಣ್ಣಗೆ ಹರಿಯುವ ನೀರು, ಸಾಲಾಗಿ ನಿಲ್ಲಿಸಿದ ಗಿಡ್ಡ ಕಲ್ಲುಗಳು, ಸಂತ ಬ್ರಿಜಿಡ್‌ಳ ಪ್ರತಿಮೆ. ಸೆಪ್ಟೆಂಬರಿನ ಜಿಟಿಜಿಟಿ ಮಳೆ. ಪಕ್ಕದ ಮರದ ತುಂಬ ಚಿಂದಿ ಬಟ್ಟೆ! ಕೆಂಪು, ನೀಲಿ, ಬಣ್ಣ ಹೋದವು, ಎಳೆ ಬಿಚ್ಚಿದವು. ಮಕ್ಕಳ ಕಾಲುಚೀಲವೂ ಇದ್ದವು.

ಕೆಳಗೊಂದು ಚಿಂದಿ ಬಿದ್ದಿತ್ತು. ಮತ್ತೆ ಕಟ್ಟೋಣವೆಂದು ಬಗ್ಗಿದೆ. ಬಾಟಲಿಗೆ ನೀರು ತುಂಬಿಸಿಕೊಳ್ಳುತ್ತಿದ್ದ ಅಜ್ಜಿಯೊಬ್ಬರು ಬೇಡ ಬೇಡ ಎಂದು ಕೈ ಮಾಡಿದರು. ಕಟ್ಟಿದವರ ಕಷ್ಟ ಅದರಲ್ಲಿರುತ್ತದಂತೆ, ತೆಗೆದುಕೊಂಡವರಿಗೆ ಅಂಟುತ್ತದಂತೆ. ನಾನು ತಟ್ಟನೆ ಕೈ ಹಿಂದೆಳೆದುಕೊಂಡೆ. ದೃಷ್ಟಿ ತೆಗೆದು ಮೂರು ದಾರಿ ಕೂಡಿದಲ್ಲಿ ಇಟ್ಟ ನಿಂಬೆಹಣ್ಣನ್ನು ದಾಟದೆ ಬೆಳೆದವಳಿಗೆ ಇದನ್ನು ಬಿಡಿಸಿ ಹೇಳಬೇಕೇ?

ಪದ್ಧತಿ ಹೀಗಿದೆ. ಬಟ್ಟೆಯ ತುಂಡನ್ನು ಬಾವಿಯ ನೀರಿನಲ್ಲಿ ಅದ್ದಿ, ನೋವಿರುವ ಕಡೆ ಒತ್ತಿ, ಮರಕ್ಕೆ ಕಟ್ಟುವುದು. ಮಳೆ ಗಾಳಿಗೆ ಅದು ಜೀರ್ಣವಾದ ಹಾಗೆ ನೋವೂ ಸವೆಯುತ್ತದೆ. ಆದ್ದರಿಂದ ಬಟ್ಟೆ ಹತ್ತಿಯದೋ ಉಣ್ಣೆಯದೋ ಆಗಿರಬೇಕು. ಈಗಿನವರು ನೈಲಾನ್ ರಿಬ್ಬನ್, ಪ್ಲಾಸ್ಟಿಕ್ ಮಣಿಸರ ಕಟ್ಟುತ್ತಾರೆ. ಅವು ಕೊಳೆಯುವುದು ಯಾವ ಕಾಲಕ್ಕೆ, ನೋವು ಹೋಗುವುದು ಯಾವ ಕಾಲಕ್ಕೆ!

ಐರ್ಲೆಂಡಿನಲ್ಲಿ ಇಂಥ ಪವಿತ್ರ ಬಾವಿಗಳು ಸುಮಾರು 3,000 ಇವೆ ಎನ್ನುತ್ತಾರೆ. ಕಣ್ಣಿನ ಬೇನೆಗೆ ಒಂದು, ಹಲ್ಲುನೋವಿಗೆ ಒಂದು, ನರೂಲಿಗೆ ಇನ್ನೊಂದು. ಸಂತರ ಹಬ್ಬದ ದಿನ ಜನ ಸೇರಿ ಬಾವಿಯನ್ನು ಸೂರ್ಯ ಚಲಿಸುವ ದಿಕ್ಕಿನಲ್ಲೇ ಸುತ್ತುತ್ತಾರೆ, ಅಂದರೆ ನಮ್ಮ ಪ್ರದಕ್ಷಿಣೆಯಂತೆ ಬಲಕ್ಕೆ. ಸುತ್ತು ತಪ್ಪದಿರಲು ಕೈಯಲ್ಲಿ ಹರಳು ಹಿಡಿದು ಎಣಿಸುತ್ತಾರೆ. ಬಾವಿಯಲ್ಲಿ ಮೀನು ಕಂಡರೆ ಹರಕೆ ಫಲಿಸಿತೆಂದು ನಂಬಿಕೆ. ಆ ನೀರು ಒಲೆಯ ಮೇಲಿಟ್ಟರೆ ಕುದಿಯುವುದೇ ಇಲ್ಲವಂತೆ. ಯಾರಾದರೂ ಮೈಲಿಗೆ ಬಟ್ಟೆ ಒಗೆದರೆ ಬಾವಿ ಮುನಿದು ರಾತ್ರೋರಾತ್ರಿ ಬೇರೆ ಜಾಗಕ್ಕೆ ಹೋಗಿಬಿಡುತ್ತದಂತೆ. 1937-38ರಲ್ಲಿ ಅಲ್ಲಿನ ಶಾಲಾ ಮಕ್ಕಳಿಂದ ಊರೂರಿನ ಕಥೆಗಳನ್ನು ಬರೆಸಿಟ್ಟರು. ಅವುಗಳಲ್ಲಿ ಇಂಥವು ಎಷ್ಟೋ ಇವೆ. ಮಗಳ ಮನೆಯಲ್ಲಿ ನಿದ್ದೆ ಬಾರದ ರಾತ್ರಿಗಳಲ್ಲಿ ಕೂತು ಓದಿದೆ.

ಈ ಜಾತ್ರೆಗಳನ್ನು ನಿಲ್ಲಿಸಲು ಕಡಿಮೆ ಜನ ಪ್ರಯತ್ನಿಸಿಲ್ಲ. ಬಾವಿಯ ಹತ್ತಿರ ಕುಣಿತ, ಕೊಳಲು, ಗದ್ದಲ ಬೇಡವೆಂದು 1660ರಲ್ಲಿ ಕ್ಯಾಥೊಲಿಕ್ ಧರ್ಮಗುರುಗಳೇ ಕಟ್ಟಪ್ಪಣೆ ಮಾಡಿದ್ದರು. 1704ರ ಕಾನೂನಿನಲ್ಲಿ ಬಾವಿಯ ಬಳಿ ಸೇರಿದವರಿಗೆ ಹತ್ತು ಶಿಲ್ಲಿಂಗ್ ದಂಡ, ಕೊಡದಿದ್ದರೆ ಬಹಿರಂಗವಾಗಿ ಚಾಟಿಯೇಟು. ಜನ ಬರುವುದು ಮಾತ್ರ ನಿಲ್ಲಲಿಲ್ಲ.

ಬ್ರಿಜಿಡ್ ಕಿಲ್ಡೇರಿನಲ್ಲಿ ಮಠ ಕಟ್ಟಿದ ಸಂತಳು. ಅದಕ್ಕೂ ಮೊದಲು ಅದೇ ಹೆಸರಿನ ದೇವತೆಯೊಬ್ಬಳಿದ್ದಳು. ಮಠಕ್ಕೆ ಜಾಗ ಕೇಳಿದಾಗ ಅರಸ ನಕ್ಕನಂತೆ. ನನ್ನ ಮೇಲುಹೊದಿಕೆ ಮುಚ್ಚುವಷ್ಟು ನೆಲ ಸಾಕು ಎಂದಳಂತೆ. ಹಾಸಿದರೆ ಅದು ಸುತ್ತಲ ಬಯಲನ್ನೆಲ್ಲ ಮುಚ್ಚಿತು. ನಮ್ಮ ವಾಮನನ ತಂಗಿಯೇ ಸರಿ. ಹಾಲು, ಬೆಣ್ಣೆ, ದನಕರು, ಹೆರಿಗೆ ಎಲ್ಲವೂ ಅವಳ ಪಾಲಿನವು. ಅವಳ ಹಬ್ಬ ಫೆಬ್ರವರಿ 1. ಹಿಂದಿನ ರಾತ್ರಿ ಮನೆಯ ಹೊರಗೆ ಒಂದು ಬಟ್ಟೆ ಇಡುತ್ತಾರೆ. ಬ್ರಿಜಿಡ್ ಹಾದುಹೋಗುವಾಗ ಅದನ್ನು ಮುಟ್ಟುತ್ತಾಳೆ. ಆ ಬಟ್ಟೆಯನ್ನು ವರ್ಷವಿಡೀ ಜೋಪಾನ ಮಾಡಿ, ತಲೆನೋವಿಗೆ, ಕಷ್ಟದ ಹೆರಿಗೆಗೆ ಬಳಸುತ್ತಿದ್ದರು.

ಹೆರಿಗೆಯ ವಿಷಯ ನನಗೆ ಹೇಳಿದ್ದು ಮಗಳೇ, ಆ ಬಾವಿಯ ಹತ್ತಿರ ನಿಂತು. ಹೇಳಿ ಸುಮ್ಮನಾದಳು. ಆಮೇಲೆ ಕೈಚೀಲದಿಂದ ಒಂದು ಬಟ್ಟೆ ತೆಗೆದಳು. ಅಂಚು ಹೊಲಿದ, ಬಿಳಿಚಿದ ಹಸಿರು ಚೌಕಳಿಯ ಬಟ್ಟೆ. ಮೂಲೆಯಲ್ಲಿ ಉಪ್ಪಿನಕಾಯಿ ಎಣ್ಣೆಯ ಕಲೆ.

"ನಿನಗ ಗೊತ್ತಾತೇನು?" ಎಂದೆ.

"ಬಾಟಲಿ ಬಿಚ್ಚಿದ ದಿನಾನೇ. ನಿನ್ನ ಹಸಿರು ಸೀರಿ ನನಗ ಗೊತ್ತಾಗಂಗಿಲ್ಲೇನಮ್ಮಾ? ಸಣ್ಣಾಕಿ ಇದ್ದಾಗ ಅದರಾಗs ಮುಖ ಒರಸ್ಕೊಂಡು ಬೆಳದೀನಿ."

ಆಗ ಹೇಳಿಬಿಟ್ಟೆ. ಮೊದಲೇ ಹೊಲಿಯಬಾರದಿತ್ತು, ನಾನೇ ತಪ್ಪು ಮಾಡಿದೆ ಎಂದು. ಅವಳು ನನ್ನ ಮುಖವನ್ನೇ ನೋಡಿದಳು. "ನಾನು ಎರಡು ತಿಂಗಳು ಬಸ್ಸಿನಾಗ ನಿಂತು ಆಫೀಸಿಗೆ ಹೋದದ್ದಕ್ಕ ಹಿಂಗಾತು ಅಂತ ನಾನು ತಿಳ್ಕೊಂಡೀನಿ. ಅವರು ಕಾಫಿ ಜಾಸ್ತಿ ಮಾಡಿಕೊಟ್ಟೆ ಅಂತಾರ" ಎಂದಳು. ಅಳಿಯಂದಿರೂ! ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಅವಳಿಗೂ ಹಾಗೇ ಆಗಿರಬೇಕು.

ಬಟ್ಟೆ ಹರಿದು ಎರಡು ಮಾಡಿದೆ. ಹಳೆಯದಾದ್ದರಿಂದ ಸುಲಭವಾಗಿ ಹರಿಯಿತು. ಇಬ್ಬರೂ ನೀರಿನಲ್ಲಿ ಅದ್ದಿದೆವು. ಅವಳು ಹೊಟ್ಟೆಗೆ ಒತ್ತಿಕೊಂಡಳು. ನನಗೆ ಎಲ್ಲಿ ಒತ್ತಿಕೊಳ್ಳಬೇಕೆಂದು ಹೊಳೆಯದೆ ಹಣೆಗೆ ಒತ್ತಿಕೊಂಡೆ. ಕೈ ಎಟುಕುವ ಕೊಂಬೆಗಳೆಲ್ಲ ತುಂಬಿದ್ದವು. ಅಜ್ಜಿ ಬಾಟಲಿ ಕೆಳಗಿಟ್ಟು, ಕೊಂಬೆಯೊಂದನ್ನು ಬಗ್ಗಿಸಿ ಹಿಡಿದು ನಿಂತರು.

ಮೊನ್ನೆ ಫೆಬ್ರವರಿಯಲ್ಲಿ ಮಗಳು ಅಲ್ಲಿಗೆ ಹೋಗಿ ಫೋಟೋ ಕಳಿಸಿದ್ದಳು. ಅವಳದು ದಾರವಾಗಿ ಜೋಲುತ್ತಿದೆ. ನಾನು ಕಟ್ಟಿದ ತುಂಡಿನಲ್ಲಿ ಅಂಚಿನ ಹೊಲಿಗೆ ಬಂದಿತ್ತು, ಅದಿನ್ನೂ ಗಟ್ಟಿಯಾಗಿದೆ. ಹೊಲಿದ ದಾರ ಪಾಲಿಯೆಸ್ಟರ್ ಇದ್ದಿರಬೇಕು. ಉಳಿದ ಹನ್ನೊಂದು ಬಟ್ಟೆ ಅವಳ ಕಪಾಟಿನಲ್ಲೇ ಇವೆ.