ಹೂವಿನ ಬಾವುಟ ಮತ್ತು ಹೆಬ್ಬೆಟ್ಟು

ನಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತವರು ನಾವು. ಅವ್ವ ಈಗಲೂ ಹೆಬ್ಬೆಟ್ಟು. ಡಿಗ್ರಿ ಓದುವಾಗ ಹಾಸ್ಟೆಲ್ಲಿನ ಗೋಡೆಗೆ ಅಮೆರಿಕದ ನಕ್ಷೆಯೊಂದನ್ನು ಅನ್ನದ ಅಗುಳಲ್ಲಿ ಅಂಟಿಸಿಕೊಂಡಿದ್ದೆವು. 1972ರಲ್ಲಿ ಮುಂಬಯಿಯ ನಮ್ಮ ಅಣ್ಣಂದಿರು ದಲಿತ ಪ್ಯಾಂಥರ್ಸ್ ಕಟ್ಟಿದಾಗ ಹೆಸರು ತಂದದ್ದು ಆ ದೇಶದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. ಹೆಸರು ಕೊಟ್ಟ ನಾಡನ್ನು ನಕ್ಷೆಯಲ್ಲಾದರೂ ನೋಡೋಣ ಅಂತ ಬೆರಳಿಟ್ಟೆವು. ಬೆರಳು ನಿಂತದ್ದು ಮಿಸಿಸಿಪ್ಪಿ ರಾಜ್ಯದ ಮೇಲೆ. ಅಲ್ಲಿನ ಯಾವ ರಾಜ್ಯಕ್ಕಿಂತಲೂ ಕಪ್ಪು ಜನರ ಪಾಲು ಹೆಚ್ಚಿರುವುದು ಅಲ್ಲೇ.

ಪಡುವಣಕ್ಕೆ ಮಿಸಿಸಿಪ್ಪಿ ಹೊಳೆ, ತೆಂಕಣ ತುದಿಯಲ್ಲಿ ಮೆಕ್ಸಿಕೋ ಕೊಲ್ಲಿ. ಬೆಟ್ಟಗಳಿಲ್ಲದ ನಾಡು, ಅತಿ ಎತ್ತರದ ವುಡಾಲ್ ಗುಡ್ಡವೇ 806 ಅಡಿ. ಮಿಸಿಸಿಪ್ಪಿ ಮತ್ತು ಯಾಜೂ ಹೊಳೆಗಳ ನಡುವಿನ ಬಯಲಿಗೆ ಡೆಲ್ಟಾ ಅನ್ನುತ್ತಾರೆ. ಹೊಳೆ ತಂದು ಹಾಸಿದ ಕಪ್ಪು ಮಣ್ಣು, ಅದರ ಮೇಲೆ ಬಿಳಿ ಹತ್ತಿ. ಮಣ್ಣಿನ ಬಣ್ಣದವರು ದುಡಿದರು, ಹತ್ತಿಯ ಬಣ್ಣದವರು ಉಂಡರು.

1817ರಲ್ಲಿ ಅದು ಅಮೆರಿಕದ 20ನೆಯ ರಾಜ್ಯವಾಯಿತು. ರಾಜಧಾನಿ ಜಾಕ್ಸನ್. 82 ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳ ಹಾಗೆ. ಕೆಳಮನೆಯಲ್ಲಿ 122 ಮಂದಿ, ಸೆನೆಟ್ಟಿನಲ್ಲಿ 52. ಮೇಲೊಬ್ಬ ಗವರ್ನರ್, ನಮ್ಮ ರಾಜ್ಯಪಾಲರಂತಲ್ಲ, ಜನರೇ ಆರಿಸಿ ಕೂರಿಸುವವನು. ರಾಜ್ಯದ ಹೂವು ಮ್ಯಾಗ್ನೋಲಿಯಾ, ಹಕ್ಕಿ ಮಾಕಿಂಗ್‌ಬರ್ಡ್, ಪಾನೀಯ ಹಾಲು. ಹೂವು, ಹಕ್ಕಿ, ಹಾಲು! ಇಷ್ಟು ಸಾಧುವಾದ ರಾಜ್ಯ ಉಂಟೇ ಅನ್ನಿಸಿತು. ಆದರೆ ಬಾವುಟ ಬೇರೆ ಮಾತಾಡುತ್ತಿತ್ತು. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧಕ್ಕಿಳಿದ ದಂಡಿನ ಗುರುತನ್ನು 1894ರಲ್ಲಿ ರಾಜ್ಯದ ಬಾವುಟದ ಮೂಲೆಗೆ ಹೊಲಿದಿದ್ದರು.

ಅದಕ್ಕೂ ನಾಲ್ಕು ವರ್ಷ ಮೊದಲು, 1890ರಲ್ಲಿ, ಹೊಸ ಸಂವಿಧಾನ ಬರೆದಿದ್ದರು. ಆಗ ಆ ರಾಜ್ಯದಲ್ಲಿ ಕಪ್ಪು ಜನರೇ ಹೆಚ್ಚು. ಬರೆಯಲು ಕೂತ 134 ಮಂದಿಯಲ್ಲಿ ಕಪ್ಪು ಮನುಷ್ಯ ಒಬ್ಬನೇ. ಓಟು ಬೇಕಾದರೆ ತೆರಿಗೆ ಕಟ್ಟಬೇಕು. ಸಂವಿಧಾನದ ಕಲಮು ಓದಬೇಕು, ಇಲ್ಲವೇ ಕೇಳಿಸಿಕೊಂಡು ಅರ್ಥ ಹೇಳಬೇಕು. ಹೇಳಿದ ಅರ್ಥ ಸರಿಯೋ ತಪ್ಪೋ ಅನ್ನುವವನು ಬಿಳಿಯ ಗುಮಾಸ್ತ. ಕಾನೂನಿನಲ್ಲಿ ಬಣ್ಣದ ಮಾತೇ ಇಲ್ಲ. ಎಷ್ಟು ನಾಜೂಕು ನೋಡಿ! ಅಕ್ಷರ ಕಲಿಯಲು ಬಿಡದವರೇ ಬಾಗಿಲಲ್ಲಿ ನಿಂತು ಅಕ್ಷರ ಕೇಳಿದರು.

ಫ್ಯಾನಿ ಲೂ ಹೇಮರ್ ಎಂಬ ತಾಯಿ ಆ ಡೆಲ್ಟಾದವಳು. ಹೆತ್ತವರಿಗೆ ಇಪ್ಪತ್ತನೆಯ ಮಗು. ಪಾಲಿಗೆ ಹೊಲ ಮಾಡುವವರ ಮನೆ. 1962ರ ಆಗಸ್ಟಿನಲ್ಲಿ ಹೆಸರು ಬರೆಸಲು ಹೋದಳು. ಒಂದು ಕಲಮು ಕೊಟ್ಟು ನಕಲು ಮಾಡು, ಅರ್ಥ ಬರಿ ಅಂದರು. ಫೇಲು ಮಾಡಿದರು. ಅದೇ ದಿನ, 18 ವರ್ಷ ದುಡಿದ ತೋಟದಿಂದ ಹೊರಬಿದ್ದಳು. ಆದರೂ ಬಿಡಲಿಲ್ಲ, ಮತ್ತೆ ಮತ್ತೆ ಹೋಗಿ 1963ರಲ್ಲಿ ಪಾಸಾದಳು.

ರಜಕ್ಕೆ ಊರಿಗೆ ಹೋದಾಗ ಅವ್ವನಿಗೆ ಈ ಕತೆ ಹೇಳಿದೆವು. ರಾಗಿ ಕೇರುತ್ತಿದ್ದವಳು ಮೊರ ಇಳಿಸಿದಳು.

"ಓದಕ್ ಬರ್ದಿದ್ರೆ ಓಟಿಲ್ವಾ? ಹಂಗಾರೆ ನಂಗೆಲ್ಲಿತ್ತು ಮಗಾ?"

ನಮಗೆ ಮೈ ಜುಮ್ಮೆಂದಿತು. ಇದೇ ಪರೀಕ್ಷೆ ನಮ್ಮಲ್ಲೂ ಇದ್ದಿದ್ದರೆ? ನಮ್ಮಜ್ಜ, ನಮ್ಮಜ್ಜಿ, ಇಡೀ ಕೇರಿ ಹೊರಗೇ. 1951-52ರ ಮೊದಲ ಚುನಾವಣೆಯಿಂದಲೇ ನಮ್ಮ ದೇಶದಲ್ಲಿ ಓಟಿಗೆ ಅಕ್ಷರದ ಸುಂಕವಿಲ್ಲ. ಅವ್ವನ ಬೆರಳಿನ ಮಸಿ ಎಷ್ಟು ದೊಡ್ಡದೆಂದು ತಿಳಿಯಲು ನಮಗೆ ಮಿಸಿಸಿಪ್ಪಿ ಬೇಕಾಯಿತು.

ಆ ಓದಿನ ಪರೀಕ್ಷೆಯನ್ನು 1965ರ ಮತದಾನ ಹಕ್ಕಿನ ಕಾಯಿದೆ ನಿಲ್ಲಿಸಿತು. ಬಾವುಟ ಮಾತ್ರ ಅಲುಗಲಿಲ್ಲ. 2001ರಲ್ಲಿ ಓಟಿಗೆ ಹಾಕಿದರೂ ನೂರಕ್ಕೆ 64 ಮಂದಿ ಹಳೆಯದೇ ಇರಲಿ ಅಂದರು. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್ ಪಟ್ಟಣದ ಪೊಲೀಸನ ಮೊಣಕಾಲಡಿ ಜಾರ್ಜ್ ಫ್ಲಾಯ್ಡ್ ಸತ್ತ. ದೇಶವೆಲ್ಲ ಬೀದಿಗಿಳಿಯಿತು. ಜೂನ್ 30ರಂದು ಗವರ್ನರ್ ರುಜು ಹಾಕಿ ಬಾವುಟ ಇಳಿಯಿತು. 126 ವರ್ಷ! ಈಗಿನದರಲ್ಲಿ ಬಿಳಿ ಮ್ಯಾಗ್ನೋಲಿಯಾ ಹೂವು, ಸುತ್ತ ನಕ್ಷತ್ರಗಳು. ಮೇಲಿನ ಬಂಗಾರದ ನಕ್ಷತ್ರ ಆ ನೆಲದ ಮೂಲನಿವಾಸಿಗಳದ್ದು.

ಬರೀ ಬಟ್ಟೆ ತುಂಡು, ಅದಕ್ಕೇನು ಇಷ್ಟು ರಂಪ ಅನ್ನುವವರಿದ್ದಾರೆ. ಬರೀ ಬಟ್ಟೆಯಾಗಿದ್ದರೆ ಅದನ್ನು ಹಿಡಿದುಕೊಂಡವರು ಅಷ್ಟು ಕಾಲ ಯಾಕೆ ಬಿಡಲಿಲ್ಲ?

ಹೊಸ ಬಾವುಟದ ಚಿತ್ರ ಅವ್ವನಿಗೆ ತೋರಿಸಿದೆವು. ತುಂಬಾ ಹೊತ್ತು ನೋಡಿದಳು.

"ಹೂವು ಚೆಂದಾಗೈತೆ. ಓಟು ಎಲ್ರಿಗೂ ಕೊಟ್ರಾ?"

ಪದವಿ ಪಡೆದ ನಾವು ತಲೆ ತಗ್ಗಿಸಿದೆವು. ಬಾವುಟ ಹೋಯಿತು, 1890ರ ಸಂವಿಧಾನ ತಿದ್ದುಪಡಿಗಳ ತೇಪೆ ಹಾಕಿಕೊಂಡು ಇನ್ನೂ ನಿಂತಿದೆ. ಕಪ್ಪು ಜನರನ್ನು ಗುರಿಯಿಟ್ಟು, ಯಾವ ತಪ್ಪಿಗೆ ಓಟು ಕಿತ್ತುಕೊಳ್ಳಬೇಕೆಂದು ಆಗ ಬರೆದ ಪಟ್ಟಿಯ ಬಹುಪಾಲು ಈಗಲೂ ಜಾರಿಯಲ್ಲಿದೆ. ಅದರಲ್ಲಿ ಕಳ್ಳತನವೂ ಒಂದು. ಇಡೀ ಜನಾಂಗದ ಬೆವರು ಕದ್ದವರು ಬರೆದ ಪಟ್ಟಿ!

"ಇಲ್ಲ ಕಣವ್ವ, ಇನ್ನೂ ಎಲ್ರಿಗೂ ಇಲ್ಲ," ಅಂದೆವು.

ಅವ್ವ ಮೊರ ಎತ್ತಿಕೊಂಡಳು. "ಹಂಗಾರೆ ಇನ್ನೂ ಐತೆ ಕೆಲ್ಸ," ಅಂದಳು.